ಪ್ಲೇಟೋನ ‘ರಿಪಬ್ಲಿಕ್’ ಓದುವ ಕ್ರಮ: ನ್ಯಾಯದ ಪ್ರಶ್ನೆ ಮತ್ತು ಆದರ್ಶ ನಗರ

ನ್ಯಾಯವಂತನಾಗಿ ಬದುಕಿದರೆ ಹಾಗೆ ಬದುಕಿದವನಿಗೇ ಒಳಿತಾಗುತ್ತದೆಯೇ, ಇಲ್ಲವೇ ಒಳಿತೆಲ್ಲ ಪರರ ಪಾಲಿಗೆ ಹೋಗಿ ನಷ್ಟ ಮಾತ್ರ ತನಗುಳಿಯುತ್ತದೆಯೇ? ಕ್ರಿ.ಪೂ. 375ರ ಆಸುಪಾಸಿನಲ್ಲಿ ಪ್ಲೇಟೋ ಬರೆದ ‘ರಿಪಬ್ಲಿಕ್’ ಸಂವಾದದ ಹತ್ತು ಭಾಗಗಳೂ ಈ ಪ್ರಶ್ನೆಯ ಬೆನ್ನುಹತ್ತಿ ನಡೆಯುತ್ತವೆ. ಆದರೆ ರಾಜ್ಯಶಾಸ್ತ್ರದ ಪಠ್ಯಗಳ ಮೂಲಕ ಈ ಕೃತಿಯನ್ನು ಬಲ್ಲವರಿಗೆ ಮೊದಲು ನೆನಪಾಗುವುದು ತತ್ತ್ವಜ್ಞಾನಿ ಅರಸ, ಮೂರು ವರ್ಗಗಳು, ಸ್ವಂತ ಆಸ್ತಿಯಿಲ್ಲದ ಆಳುವವರು ಮತ್ತು ನಗರದಿಂದ ಹೊರಗಟ್ಟಲ್ಪಟ್ಟ ಕವಿಗಳು. ಇವೆಲ್ಲ ಕೃತಿಯಲ್ಲಿರುವುದು ನಿಜ. ಆದರೆ ಅವು ಯಾವ ಪ್ರಶ್ನೆಗೆ ಉತ್ತರವಾಗಿ ಬಂದವು ಎಂಬುದು ಕೈತಪ್ಪಿದರೆ, ಓದುಗನ ಮುಂದೆ ಒಂದು ವಿಚಿತ್ರ ಸಂವಿಧಾನದ ಕರಡು ಮಾತ್ರ ಉಳಿಯುತ್ತದೆ.

ಈ ಕೃತಿಯನ್ನು ಮೊದಲ ಬಾರಿಗೆ ಸ್ವತಃ ಓದಲು ಹೊರಟವರಿಗಾಗಿ, ಹಾಗೂ ಹಿಂದೊಮ್ಮೆ ಪರೀಕ್ಷೆಗೆಂದು ಸಾರಾಂಶ ಓದಿ ಈಗ ಮೂಲಕ್ಕೇ ಹೋಗಬಯಸುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದರಲ್ಲಿ ನಾನು ಒತ್ತಿ ಹೇಳಬಯಸುವುದು ಒಂದೇ: ಎರಡನೆಯ ಭಾಗದಲ್ಲಿ ಸಂವಾದದ ಪಾತ್ರಗಳಲ್ಲೊಬ್ಬನಾದ ಗ್ಲಾಕಾನ್ ಮುಂದಿಡುವ ಬೇಡಿಕೆಯನ್ನು ಅಳತೆಗೋಲಾಗಿ ಕೈಯಲ್ಲಿ ಹಿಡಿದುಕೊಂಡು, ನಗರದ ಪ್ರತಿಯೊಂದು ಕಟ್ಟಳೆಯನ್ನೂ ಅದರಿಂದ ಅಳೆಯುತ್ತ ಓದಬೇಕು.

ಮೊದಲ ಹೆಜ್ಜೆ: ತಕ್ಕ ಪ್ರತಿ, ಒಂದು ನೋಟ್‌ಬುಕ್

ಯಾವ ಭಾಷೆಯ ಅನುವಾದವನ್ನೇ ಓದುವುದಾದರೂ, ಅಂಚಿನಲ್ಲಿ 327ರಿಂದ 621ರವರೆಗಿನ ಸಂಖ್ಯೆಗಳನ್ನು ಮುದ್ರಿಸಿರುವ ಪ್ರತಿಯನ್ನೇ ಆರಿಸಿಕೊಳ್ಳಿ. ಇವು ಸ್ಟೆಫಾನಸ್ ಎಂದು ಹೆಸರಾದ ಮುದ್ರಕ 1578ರಲ್ಲಿ ಪ್ರಕಟಿಸಿದ ಗ್ರೀಕ್ ಆವೃತ್ತಿಯ ಪುಟಸಂಖ್ಯೆಗಳು. ಎಲ್ಲ ಅನುವಾದಗಳಿಗೂ ಇವು ಸಮಾನವಾಗಿರುವುದರಿಂದ ಒಂದೇ ವಾಕ್ಯವನ್ನು ಎರಡು ಅನುವಾದಗಳಲ್ಲಿ ಹುಡುಕಿ ಹೋಲಿಸಲು ಸಾಧ್ಯವಾಗುತ್ತದೆ. ಮುಂದೆ ನಾನು ಕೊಡುವ ಪುಟಸಂಖ್ಯೆಗಳೆಲ್ಲ ಇವೇ.

ನೋಟ್‌ಬುಕ್ಕಿನ ಎಡಪುಟದಲ್ಲಿ ನಗರದ ಬಗ್ಗೆ ಬರುವ ಮಾತುಗಳನ್ನೂ ಬಲಪುಟದಲ್ಲಿ ವ್ಯಕ್ತಿಯ ಬಗ್ಗೆ ಬರುವ ಮಾತುಗಳನ್ನೂ ಬರೆದುಕೊಳ್ಳಿ. ಕೃತಿಯ ವಾದ ಈ ಎರಡರ ನಡುವೆ ಓಡಾಡುತ್ತಲೇ ಬೆಳೆಯುತ್ತದೆ. ನಾಲ್ಕನೆಯ ಭಾಗಕ್ಕೆ ಬರುವ ಹೊತ್ತಿಗೆ ಎರಡೂ ಪುಟಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಮುಖ್ಯ ಪ್ರಶ್ನೆಯಾಗಿಬಿಡುತ್ತದೆ.

ಎರಡನೆಯ ಹೆಜ್ಜೆ: ಯಾರ ಮನೆಯಲ್ಲಿ ಮಾತು ನಡೆಯುತ್ತಿದೆ ಎಂದು ತಿಳಿಯುವುದು

ಪ್ಲೇಟೋನ ಗುರು ಸಾಕ್ರಟೀಸ್, ಪ್ಲೇಟೋನ ಅಣ್ಣ ಗ್ಲಾಕಾನನೊಂದಿಗೆ ಅಥೆನ್ಸಿನ ಬಂದರು ಪಿರೇಯಸ್‌ಗೆ ಇಳಿದು ಬಂದಿರುತ್ತಾನೆ. ಥ್ರೇಸ್ ನಾಡಿನ ದೇವತೆ ಬೆಂಡಿಸ್‌ಳ ಉತ್ಸವದ ಮೆರವಣಿಗೆ ಆಗಷ್ಟೇ ಮುಗಿದಿರುತ್ತದೆ. ಮರಳುವ ದಾರಿಯಲ್ಲಿ ಪೋಲಿಮಾರ್ಕಸ್ ಅವರನ್ನು ತಡೆದು ತನ್ನ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಅವನ ವೃದ್ಧ ತಂದೆ ಕೆಫಾಲಸ್ ಕುಳಿತಿದ್ದಾನೆ. ಸಿರಾಕ್ಯೂಸ್‌ನಿಂದ ಬಂದು ನೆಲೆಸಿದ ಈ ಕುಟುಂಬ ಗುರಾಣಿಗಳನ್ನು ಮಾಡಿಸಿ ಸಿರಿವಂತವಾಗಿತ್ತು. ಆದರೂ ಅವರಿಗೆ ಅಥೆನ್ಸಿನ ಪೌರತ್ವವಿರಲಿಲ್ಲ.

ಪ್ಲೇಟೋನ ಮೊದಲ ಓದುಗರಿಗೆ ಮುಂದಿನ ಕಥೆ ಗೊತ್ತಿತ್ತು. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತ ಮೇಲೆ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು ಪೋಲಿಮಾರ್ಕಸ್‌ನಿಗೆ ವಿಚಾರಣೆಯಿಲ್ಲದೆ ವಿಷ ಕುಡಿಸಿ ಕೊಂದರು. ತಪ್ಪಿಸಿಕೊಂಡ ಅವನ ತಮ್ಮ ಲಿಸಿಯಸ್ ಆಮೇಲೆ ಮಾಡಿದ ಭಾಷಣದಲ್ಲಿ, ತಮ್ಮಿಂದ ಕಿತ್ತುಕೊಂಡ ಸೊತ್ತಿನಲ್ಲಿ 700 ಗುರಾಣಿಗಳೂ 120 ಗುಲಾಮರೂ ಇದ್ದರೆಂದು ಹೇಳುತ್ತಾನೆ. ಆ ಮೂವತ್ತರ ಮುಂದಾಳು ಕ್ರಿಟಿಯಸ್ ಪ್ಲೇಟೋನ ತಾಯಿಯ ಕಡೆಯ ಹತ್ತಿರದ ನೆಂಟ. ಅವರನ್ನು ಕೆಳಗಿಳಿಸಿ ಮರಳಿ ಬಂದ ಪ್ರಜಾಪ್ರಭುತ್ವ ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ಮರಣದಂಡನೆ ವಿಧಿಸಿತು. ಹೀಗೆ ಸಿರಿವಂತರ ಕೂಟವೂ ಜನರ ಸಭೆಯೂ ನ್ಯಾಯದ ಹೆಸರಿನಲ್ಲಿಯೇ ಕೊಂದದ್ದನ್ನು ಕಂಡವನೊಬ್ಬ ಈ ಕೃತಿಯನ್ನು ಬರೆದಿದ್ದಾನೆ. ನ್ಯಾಯದ ಚರ್ಚೆ ನಡೆದ ಆ ಮನೆ ನೂರಕ್ಕೂ ಹೆಚ್ಚು ಗುಲಾಮರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನೂ ನಾವು ಮರೆಯಬಾರದು, ಏಕೆಂದರೆ ಅಲ್ಲಿ ಕುಳಿತ ಯಾರೂ ಆ ಮಾತನ್ನು ಎತ್ತುವುದಿಲ್ಲ.

ಮೂರನೆಯ ಹೆಜ್ಜೆ: ಮೊದಲ ಭಾಗದ ಮೂರು ಉತ್ತರಗಳನ್ನು ಬೇರೆ ಬೇರೆಯಾಗಿ ತೂಗುವುದು

ಮೊದಲ ಭಾಗವನ್ನು ಒಂದೇ ಬಾರಿಗೆ ಕುಳಿತು ಓದಬಹುದು. ಓದಿದ ಮೇಲೆ ಮೂರು ಉತ್ತರಗಳನ್ನೂ ಅವುಗಳಿಗೆ ಬಂದ ಆಕ್ಷೇಪಗಳನ್ನೂ ನಿಮ್ಮ ಮಾತಿನಲ್ಲಿ ಬರೆದಿಡಿ.

ನಿಜ ನುಡಿಯುವುದು, ಪಡೆದದ್ದನ್ನು ಹಿಂತಿರುಗಿಸುವುದು — ಇದೇ ನ್ಯಾಯ ಎಂಬ ಅರ್ಥ ಕೆಫಾಲಸ್‌ನ ಮಾತಿನಿಂದ ಹೊರಡುತ್ತದೆ. ಗೆಳೆಯನೊಬ್ಬ ಸ್ವಸ್ಥನಾಗಿದ್ದಾಗ ಆಯುಧವನ್ನು ನಿಮ್ಮ ಬಳಿ ಇಟ್ಟು, ಹುಚ್ಚು ಹಿಡಿದ ಮೇಲೆ ಅದನ್ನು ಮರಳಿ ಕೇಳಿದರೆ ಕೊಡುವುದು ನ್ಯಾಯವೇ ಎಂದು ಸಾಕ್ರಟೀಸ್ ಕೇಳುತ್ತಾನೆ. ಮುದುಕ ನಗುತ್ತ, ಪೂಜೆಯ ಕೆಲಸವಿದೆಯೆಂದು ಎದ್ದು ಹೋಗುತ್ತಾನೆ. ಮಾತನ್ನು ಎತ್ತಿಕೊಂಡ ಮಗ ಪೋಲಿಮಾರ್ಕಸ್, ಮಿತ್ರರಿಗೆ ಒಳಿತನ್ನೂ ಶತ್ರುಗಳಿಗೆ ಕೇಡನ್ನೂ ಮಾಡುವುದೇ ನ್ಯಾಯ ಎನ್ನುತ್ತಾನೆ. ಗ್ರೀಕರಲ್ಲಿ ಬಹುಮಂದಿ ಒಪ್ಪುತ್ತಿದ್ದ ಮಾತು ಅದು. ಇದಕ್ಕೆ ಸಾಕ್ರಟೀಸ್ ಕೊಡುವ ಉತ್ತರವನ್ನು (335) ನಿಧಾನವಾಗಿ ಓದಿ. ಕುದುರೆಗೆ ಕೇಡು ಮಾಡಿದರೆ ಅದು ಕುದುರೆಯಾಗಿ ಕೆಡುತ್ತದೆ, ಮನುಷ್ಯನಿಗೆ ಕೇಡು ಮಾಡಿದರೆ ಅವನು ಮನುಷ್ಯನಾಗಿ ಕೆಡುತ್ತಾನೆ, ಎಂದರೆ ಇನ್ನಷ್ಟು ಅನ್ಯಾಯಿಯಾಗುತ್ತಾನೆ. ಹಾಗಾದರೆ ನ್ಯಾಯವಂತನೊಬ್ಬ ತನ್ನ ನ್ಯಾಯದಿಂದಲೇ ಇನ್ನೊಬ್ಬನನ್ನು ಅನ್ಯಾಯಿಯಾಗಿ ಮಾಡುವುದು ಹೇಗೆ ಸಾಧ್ಯ? ಸೇಡೇ ನ್ಯಾಯವೆಂದು ನಂಬಿದ್ದ ಸಮಾಜದಲ್ಲಿ, ಶತ್ರುವಿಗೂ ಕೇಡು ಮಾಡಬಾರದು ಎಂಬ ತೀರ್ಮಾನ ಎಷ್ಟು ದಿಟ್ಟವಾದದ್ದೆಂದು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಮೂರನೆಯವನು ಭಾಷಣಕಲೆ ಕಲಿಸುವ ಥ್ರಾಸಿಮಾಕಸ್. ಬಲಶಾಲಿಗಳ ಹಿತವೇ ನ್ಯಾಯವೆಂದು ಅವನ ವಾದ. ಪ್ರಜಾಪ್ರಭುತ್ವದಲ್ಲಿ ಜನ, ನಿರಂಕುಶ ಆಡಳಿತದಲ್ಲಿ ನಿರಂಕುಶ, ಹೀಗೆ ಆಳುವವರು ತಮಗೆ ಅನುಕೂಲವಾದ ಕಾನೂನು ಮಾಡಿ, ಅದನ್ನು ಪಾಲಿಸುವುದನ್ನೇ ನ್ಯಾಯವೆಂದು ಕರೆಯುತ್ತಾರೆ (338). ಅವನ ಒರಟು ನಡವಳಿಕೆಯನ್ನು ಕಂಡು ವಾದವನ್ನೂ ತಳ್ಳಿಹಾಕಬೇಡಿ. ಅದು ಅಥೆನ್ಸಿನ ಅನುಭವದಿಂದ ಬಂದ ವಾದ. ವೈದ್ಯ ನೋಡುವುದು ರೋಗಿಯ ಹಿತವನ್ನೇ ಹೊರತು ತನ್ನದನ್ನಲ್ಲ ಎಂದು ಸಾಕ್ರಟೀಸ್ ಹೇಳಿದಾಗ, ಕುರುಬ ಕುರಿಗಳನ್ನು ಕೊಬ್ಬಿಸುವುದು ಕುರಿಗಳ ಹಿತಕ್ಕಾಗಿಯೇನು ಎಂದು ಥ್ರಾಸಿಮಾಕಸ್ ತಿರುಗಿ ಕೇಳುತ್ತಾನೆ (343). ಕೊನೆಗೆ ಅವನು ಸುಮ್ಮನಾಗುತ್ತಾನೆ, ಆದರೆ ಒಪ್ಪಿ ಸುಮ್ಮನಾದಂತೆ ಕಾಣುವುದಿಲ್ಲ. ನ್ಯಾಯವೆಂದರೆ ಏನೆಂದು ತಿಳಿಯುವ ಮೊದಲೇ ಅದು ಲಾಭಕರವೇ ಎಂಬ ಚರ್ಚೆಗೆ ತಾನು ಹಾರಿದ್ದನ್ನು ಸಾಕ್ರಟೀಸನೇ ಒಪ್ಪಿಕೊಳ್ಳುತ್ತಾನೆ (354).

ನಾಲ್ಕನೆಯ ಹೆಜ್ಜೆ: ಗ್ಲಾಕಾನನ ಬೇಡಿಕೆಯನ್ನು ಬರೆದಿಡುವುದು

ಎರಡನೆಯ ಭಾಗದ ಮೊದಲ ಹತ್ತು ಪುಟಗಳು (357–367) ಇಡೀ ಕೃತಿಯ ಕೀಲಿಕೈ. ಇವನ್ನು ಎರಡು ಸಲ ಓದಿ.

ಒಳಿತುಗಳಲ್ಲಿ ಮೂರು ಬಗೆಯಿದೆ ಎಂದು ಗ್ಲಾಕಾನ್ ವಿಂಗಡಿಸುತ್ತಾನೆ. ನಿರುಪದ್ರವಿ ಸಂತೋಷದಂಥವು ಅದಕ್ಕಾಗಿಯೇ ಬೇಕಾದವು. ಆರೋಗ್ಯ, ದೃಷ್ಟಿ, ಅರಿವು ಮುಂತಾದವು ಅದಕ್ಕಾಗಿಯೂ ಅದರ ಫಲಕ್ಕಾಗಿಯೂ ಬೇಕಾದವು. ಕಹಿಯಾದರೂ ಫಲಕ್ಕಾಗಿ ಮಾತ್ರ ಒಪ್ಪಿಕೊಳ್ಳುವ ಔಷಧೋಪಚಾರ ಮೂರನೆಯ ಬಗೆ. ಜನ ನ್ಯಾಯವನ್ನು ಮೂರನೆಯ ಗುಂಪಿಗೆ ಸೇರಿಸುತ್ತಾರೆ, ಸಾಕ್ರಟೀಸ್ ಎರಡನೆಯದಕ್ಕೆ. ಯಾರು ಸರಿ ಎಂದು ಪರೀಕ್ಷಿಸಲು ಗ್ಲಾಕಾನ್ ಲಿಡಿಯಾ ದೇಶದ ಕುರುಬನೊಬ್ಬನ ಕಥೆ ಹೇಳುತ್ತಾನೆ. ಭೂಕಂಪದಿಂದ ಬಾಯ್ದೆರೆದ ನೆಲದೊಳಗೆ ಇಳಿದ ಅವನಿಗೆ ಶವದ ಬೆರಳಿನಲ್ಲಿ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಅಂಗೈಯ ಕಡೆಗೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ. ಅವನು ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ಅರಸನನ್ನು ಕೊಂದು ಪಟ್ಟವೇರುತ್ತಾನೆ. ಗೈಜಿಸನ ಉಂಗುರವೆಂದು ಹೆಸರಾದದ್ದು ಇದೇ.

ಕಥೆ ಎಲ್ಲರಿಗೂ ನೆನಪಿರುತ್ತದೆ, ಆದರೆ ಬೇಡಿಕೆ ಅದರ ಆಮೇಲೆ ಬರುತ್ತದೆ (360–362). ಒಂದು ಕಡೆ ಪೂರ್ಣ ಅನ್ಯಾಯಿಯನ್ನು ನಿಲ್ಲಿಸಿ, ಅವನಿಗೆ ನ್ಯಾಯವಂತನೆಂಬ ಕೀರ್ತಿಯನ್ನೆಲ್ಲ ಕೊಡಿ. ಇನ್ನೊಂದು ಕಡೆ ಪೂರ್ಣ ನ್ಯಾಯವಂತನನ್ನು ನಿಲ್ಲಿಸಿ, ಅವನಿಂದ ಎಲ್ಲವನ್ನೂ ಕಿತ್ತುಕೊಂಡು, ಅನ್ಯಾಯಿಯೆಂಬ ಅಪಕೀರ್ತಿಯನ್ನು ಹೊರಿಸಿ, ಚಾವಟಿಯೇಟು, ಸೆರೆ, ಕೊನೆಗೆ ಶೂಲ, ಎಲ್ಲವನ್ನೂ ಅನುಭವಿಸುವಂತೆ ಮಾಡಿ. ಇಷ್ಟಾದರೂ ಇವನ ಬಾಳೇ ಮೇಲು ಎಂದು ತೋರಿಸಬಲ್ಲಿರಾ? ಇದಕ್ಕೆ ಇನ್ನೊಬ್ಬ ಅಣ್ಣ ಅಡಿಮ್ಯಾಂಟಸ್ ಸೇರಿಸುವ ಮಾತು ಇನ್ನೂ ಹರಿತವಾಗಿದೆ. ತಂದೆತಾಯಿಗಳು ಮಕ್ಕಳಿಗೆ ಹೊಗಳುವುದು ನ್ಯಾಯದಿಂದ ಬರುವ ಒಳ್ಳೆಯ ಹೆಸರನ್ನು, ನ್ಯಾಯವನ್ನಲ್ಲ. ಸಿರಿವಂತರ ಬಾಗಿಲಿಗೆ ಬರುವ ಅರ್ಚಕರು ಪಾಪವನ್ನು ಹೋಮಬಲಿಗಳಿಂದ ತೊಳೆದುಕೊಡುತ್ತೇವೆನ್ನುತ್ತಾರೆ. ದೇವರನ್ನೂ ಒಲಿಸಿಕೊಳ್ಳಬಹುದಾದರೆ ನ್ಯಾಯವೇಕೆ?

ಕೀರ್ತಿ, ಬಹುಮಾನ, ಸ್ವರ್ಗ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ನ್ಯಾಯ ತನ್ನನ್ನು ಹೊಂದಿರುವವನ ಒಳಗೆ ಏನು ಮಾಡುತ್ತದೆಂದು ತೋರಿಸಬೇಕು. ಈ ಒಂದು ವಾಕ್ಯವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಐದನೆಯ ಹೆಜ್ಜೆ: ನಗರ ಏಳುವುದನ್ನು ಹಂತಹಂತವಾಗಿ ನೋಡುವುದು

ದೂರದ ಸಣ್ಣ ಅಕ್ಷರಗಳನ್ನು ಓದಲಾಗದವನು ಅವೇ ಅಕ್ಷರಗಳು ದೊಡ್ಡದಾಗಿ ಬರೆದಿರುವುದನ್ನು ಮೊದಲು ಓದುವಂತೆ, ವ್ಯಕ್ತಿಯಲ್ಲಿನ ನ್ಯಾಯವನ್ನು ಕಾಣಲು ನಗರದಲ್ಲಿನ ನ್ಯಾಯವನ್ನು ಮೊದಲು ನೋಡೋಣ ಎನ್ನುತ್ತಾನೆ ಸಾಕ್ರಟೀಸ್ (368). ಎರಡು ಬರಹಗಳೂ ಒಂದೇ ಎಂಬುದಕ್ಕೆ ಇಲ್ಲಿ ಆಧಾರ ಕೊಟ್ಟಿಲ್ಲ. ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಮೊದಲು ಹುಟ್ಟುವ ನಗರ ಬಹಳ ಚಿಕ್ಕದು: ಒಬ್ಬ ರೈತ, ಒಬ್ಬ ಮನೆ ಕಟ್ಟುವವನು, ಒಬ್ಬ ನೇಕಾರ, ಒಬ್ಬ ಚಮ್ಮಾರ. ಯಾರೊಬ್ಬರೂ ತಮಗೆ ತಾವೇ ಸಾಲದವರಾದ್ದರಿಂದ ನಗರ ಹುಟ್ಟುತ್ತದೆ. ಒಬ್ಬೊಬ್ಬರೂ ತಮ್ಮ ಸ್ವಭಾವಕ್ಕೆ ಒಗ್ಗಿದ ಒಂದೇ ಕೆಲಸ ಮಾಡಿದರೆ ಎಲ್ಲರಿಗೂ ಸಾಕಾಗುತ್ತದೆ. ಆಮೇಲೆ ಬಡಗಿ, ಕಮ್ಮಾರ, ದನಗಾಹಿ, ವರ್ತಕ, ಸಂತೆ, ನಾಣ್ಯ, ಕೂಲಿಯಾಳು ಬರುತ್ತಾರೆ. ಇಲ್ಲಿನ ಜನ ಗೋಧಿ ಮತ್ತು ಜವೆಯ ರೊಟ್ಟಿಗಳನ್ನು ಎಲೆಗಳ ಮೇಲೆ ಹರಡಿಕೊಂಡು, ಉಪ್ಪು, ಆಲಿವ್, ಗಿಣ್ಣು, ಈರುಳ್ಳಿ, ಅಂಜೂರ, ಕಡಲೆಗಳೊಂದಿಗೆ ಉಂಡು, ದೇವರ ಹಾಡು ಹೇಳುತ್ತ ಬದುಕುತ್ತಾರೆ. ಈ ನಗರದಲ್ಲಿ ನ್ಯಾಯ ಎಲ್ಲಿದೆ ಎಂದು ಕೇಳಿದಾಗ ಅಡಿಮ್ಯಾಂಟಸ್, ಇವರಿಗೆ ಒಬ್ಬರಿಂದೊಬ್ಬರಿಗೆ ಇರುವ ಅಗತ್ಯದಲ್ಲಿ ಇರಬಹುದೇನೋ ಎನ್ನುತ್ತಾನೆ (372). ಈ ಉತ್ತರವನ್ನು ಯಾರೂ ಮುಂದೆ ಬೆಳೆಸುವುದಿಲ್ಲ. ನನ್ನ ಮಟ್ಟಿಗೆ ಕೃತಿಯಲ್ಲಿ ಕೈಬಿಟ್ಟುಹೋದ ದಾರಿಗಳಲ್ಲಿ ಇದು ಅತ್ಯಂತ ಬೆಲೆಯುಳ್ಳದ್ದು.

ಗ್ಲಾಕಾನನಿಗೆ ಇದು ಹಂದಿಗಳ ನಗರವೆಂದು ತೋರುತ್ತದೆ. ಅವನಿಗೆ ಮಂಚ, ಮೇಜು, ಬಗೆಬಗೆಯ ಭಕ್ಷ್ಯಗಳು ಬೇಕು. ತನ್ನ ದೃಷ್ಟಿಯಲ್ಲಿ ನಿಜವಾದ, ಆರೋಗ್ಯವಂತ ನಗರ ಮೊದಲಿನದೇ ಎಂದು ಹೇಳಿಯೂ ಸಾಕ್ರಟೀಸ್ ಜ್ವರ ಹಿಡಿದ ನಗರವನ್ನು ಕಟ್ಟಲು ಒಪ್ಪುತ್ತಾನೆ. ಭೋಗ ಹೆಚ್ಚಿದಾಗ ನೆಲ ಸಾಲದು, ನೆರೆಯವರ ನೆಲಕ್ಕೆ ಕೈಚಾಚಬೇಕು, ಅಲ್ಲಿಂದ ಯುದ್ಧ; ಯುದ್ಧಕ್ಕೆ ಸೈನಿಕರು, ಆ ಸೈನಿಕರು ಸ್ವಂತ ಜನರ ಮೇಲೆಯೇ ಎರಗದಂತೆ ಅವರಿಗೆ ತಕ್ಕ ಶಿಕ್ಷಣ. ನಾವು ಆದರ್ಶ ನಗರವೆಂದು ಕರೆಯುವುದು ಹೀಗೆ ರೋಗಕ್ಕೆ ಮದ್ದು ಹುಡುಕುತ್ತ ಬೆಳೆದ ನಗರ ಎಂಬುದನ್ನು ಎಡಪುಟದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ.

ಶಿಕ್ಷಣದ ಭಾಗವನ್ನು (376–412) ಮೊದಲ ಓದಿನಲ್ಲಿ ಬೇಗ ದಾಟಬಹುದು. ಆದರೆ 414ರಿಂದ 417ರವರೆಗೆ ನಿಲ್ಲಿ. ಭೂಮಿತಾಯಿಯಿಂದ ಹುಟ್ಟಿದ ಸೋದರರಾದರೂ ಆಳುವವರಲ್ಲಿ ಚಿನ್ನ, ಅವರ ಸಹಾಯಕರಲ್ಲಿ ಬೆಳ್ಳಿ, ರೈತರು ಮತ್ತು ಕುಶಲಕರ್ಮಿಗಳಲ್ಲಿ ಕಬ್ಬಿಣ ಮತ್ತು ಕಂಚು ಬೆರೆತಿವೆಯೆಂಬ ಕಥೆಯನ್ನು ಎಲ್ಲರೂ ನಂಬುವಂತೆ ಮಾಡಬೇಕೆಂದು ಸಾಕ್ರಟೀಸ್ ಹೇಳುತ್ತಾನೆ, ಅದು ಸುಳ್ಳೆಂದೂ ಒಪ್ಪಿಕೊಳ್ಳುತ್ತಾನೆ. ಚಿನ್ನದವರ ಮಗುವಿನಲ್ಲಿ ಕಬ್ಬಿಣ ಕಂಡರೆ ಮರುಕವಿಲ್ಲದೆ ಕೆಳಗಿನ ವರ್ಗಕ್ಕೂ, ಕಬ್ಬಿಣದವರ ಮಗುವಿನಲ್ಲಿ ಚಿನ್ನ ಕಂಡರೆ ಮೇಲಿನ ವರ್ಗಕ್ಕೂ ಕಳುಹಿಸಬೇಕೆಂಬ ನಿಯಮವೂ ಅಲ್ಲೇ ಇದೆ. ಆಳುವವರಿಗೆ ಸ್ವಂತ ಮನೆಯಿಲ್ಲ, ಭೂಮಿಯಿಲ್ಲ, ಚಿನ್ನಬೆಳ್ಳಿಯನ್ನು ಮುಟ್ಟುವಂತೆಯೂ ಇಲ್ಲ. ಆಳುವ ಕೈಗೆ ಹಣ ಸೇರಬಾರದೆಂಬ ಈ ಕಟ್ಟಳೆ ಥ್ರಾಸಿಮಾಕಸ್‌ನ ಕುರುಬನ ವಾದಕ್ಕೆ ಕೊಟ್ಟ ನೇರ ಉತ್ತರ.

ಆರನೆಯ ಹೆಜ್ಜೆ: ನಾಲ್ಕನೆಯ ಭಾಗದಲ್ಲಿ ಉತ್ತರವನ್ನು ಹಿಡಿದು ಪರೀಕ್ಷಿಸುವುದು

ನಗರದ ಜ್ಞಾನ ಆಳುವ ಕೆಲವರಲ್ಲಿ, ಧೈರ್ಯ ಕಾಯುವವರಲ್ಲಿ, ಸಂಯಮ ಯಾರು ಆಳಬೇಕೆಂಬ ಬಗ್ಗೆ ಮೂರೂ ವರ್ಗಗಳ ಒಮ್ಮತದಲ್ಲಿ ಇದೆ. ಉಳಿದದ್ದು ನ್ಯಾಯ: ಒಬ್ಬೊಬ್ಬರೂ ತಮ್ಮ ಕೆಲಸ ತಾವು ಮಾಡುವುದು, ಪರರ ಕೆಲಸದಲ್ಲಿ ಕೈಹಾಕದಿರುವುದು (433). ಬಡಗಿಯೂ ಚಮ್ಮಾರನೂ ಕೆಲಸ ಅದಲುಬದಲು ಮಾಡಿಕೊಂಡರೆ ನಗರಕ್ಕೆ ದೊಡ್ಡ ಹಾನಿಯಿಲ್ಲ, ಆದರೆ ವರ್ತಕನೊಬ್ಬ ಹಣಬಲದಿಂದ ಸೈನಿಕರ ನಡುವೆ ನುಗ್ಗಿದರೆ ನಗರ ಹಾಳಾಗುತ್ತದೆ.

ಇದೇ ರಚನೆ ವ್ಯಕ್ತಿಯೊಳಗೂ ಇದೆಯೆಂದು ತೋರಿಸಲು ಸಾಕ್ರಟೀಸ್ ಲಿಯಾಂಟಿಯಸ್ ಎಂಬುವನ ಪ್ರಸಂಗ ಹೇಳುತ್ತಾನೆ (439–440). ಪಿರೇಯಸ್‌ನಿಂದ ಉತ್ತರದ ಗೋಡೆಯ ಹೊರಬದಿಯಲ್ಲಿ ನಡೆದು ಬರುತ್ತಿದ್ದ ಅವನಿಗೆ ಮರಣದಂಡನೆ ನೆರವೇರಿಸುವವನ ಬಳಿ ಬಿದ್ದ ಹೆಣಗಳು ಕಾಣುತ್ತವೆ. ನೋಡುವ ಆಸೆ, ಜೊತೆಗೆ ಹೇಸಿಗೆ. ಮುಖ ಮುಚ್ಚಿಕೊಂಡು ಹೋರಾಡಿ, ಕೊನೆಗೆ ಸೋತು, ಕಣ್ಣರಳಿಸಿ ಹೆಣಗಳತ್ತ ಓಡಿ, ಪಾಪಿ ಕಣ್ಣುಗಳೇ ಹೊಟ್ಟೆತುಂಬ ನೋಡಿಕೊಳ್ಳಿ ಎಂದು ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಬೈದದ್ದು ಬಯಕೆಯಲ್ಲ, ಲೆಕ್ಕ ಹಾಕುವ ವಿವೇಕವೂ ಅಲ್ಲ. ಮೂರನೆಯದೊಂದು ಕೆಚ್ಚು ನಮ್ಮಲ್ಲಿದೆ. ವಿವೇಕ ಆಳಿ, ಕೆಚ್ಚು ಅದರ ಬೆಂಬಲಕ್ಕೆ ನಿಂತು, ಬಯಕೆ ತನ್ನ ಮಿತಿಯಲ್ಲಿದ್ದರೆ ಆ ವ್ಯಕ್ತಿ ನ್ಯಾಯವಂತ. ದೇಹಕ್ಕೆ ಆರೋಗ್ಯವಿದ್ದಂತೆ ಆತ್ಮಕ್ಕೆ ನ್ಯಾಯ (444). ಗ್ಲಾಕಾನ್ ಕೇಳಿದ ಒಳಗಿನ ಫಲ ಇದು.

ಇಲ್ಲಿ ಪುಸ್ತಕ ಮುಚ್ಚಿ ಯೋಚಿಸಿ. ಒಳಗೆ ಇಂಥ ಹೊಂದಾಣಿಕೆ ಇರುವವನು ಪರರು ಇಟ್ಟ ಚಿನ್ನವನ್ನು ನುಂಗಲಾರ, ಕಳ್ಳತನ ಮಾಡಲಾರ ಎಂದು 442–443ರಲ್ಲಿ ಹೇಳಲಾಗಿದೆ, ಅದನ್ನು ಸಾಧಿಸಲಾಗಿದೆಯೇ? ತನ್ನ ಬಯಕೆಗಳನ್ನೆಲ್ಲ ಹತೋಟಿಯಲ್ಲಿಟ್ಟುಕೊಂಡು ತಣ್ಣಗೆ ಅನ್ಯಾಯವೆಸಗುವ ಮನುಷ್ಯ ಇರಲಾರನೇ? ನಿಮ್ಮ ಉತ್ತರವನ್ನು ಬಲಪುಟದಲ್ಲಿ ಬರೆದ ಮೇಲೆಯೇ ಮುಂದೆ ಸಾಗಿ.

ಏಳನೆಯ ಹೆಜ್ಜೆ: ಐದರಿಂದ ಏಳನೆಯ ಭಾಗದವರೆಗೆ

ಸಾಕ್ರಟೀಸ್ ಮೂರು ಅಲೆಗಳನ್ನು, ಎಂದರೆ ಕೇಳುವವರನ್ನು ಒಪ್ಪಿಸಲು ಕಷ್ಟವಾದ ಮೂರು ಮಾತುಗಳನ್ನು, ಎದುರಿಸಬೇಕಾಗುತ್ತದೆ. ಮೊದಲನೆಯದು, ಹೆಂಗಸರೂ ಗಂಡಸರಂತೆ ನಗರವನ್ನು ಕಾಯಬೇಕು, ಆಳಬೇಕು ಎಂಬ ಮಾತು. ಸ್ವಭಾವ ಬೇರೆಯಾದ್ದರಿಂದ ಕೆಲಸ ಬೇರೆಯಲ್ಲವೇ ಎಂಬ ಆಕ್ಷೇಪಕ್ಕೆ ಅವನ ಉತ್ತರ: ಬೋಳುತಲೆಯವರು ಚಮ್ಮಾರರಾಗಿದ್ದರೆ ಕೂದಲಿರುವವರು ಆಗಬಾರದೇ (454)? ಭೇದವಿದ್ದರೆ ಸಾಲದು, ಆ ಕೆಲಸಕ್ಕೆ ಸಂಬಂಧಪಟ್ಟ ಭೇದವಿರಬೇಕು. ಅದೇ ಪುಟಗಳಲ್ಲಿ ಹೆಂಗಸರು ಒಟ್ಟಾರೆ ದುರ್ಬಲರೆಂಬ ಮಾತೂ ಇದೆ, ಎರಡನ್ನೂ ಗುರುತಿಸಿಕೊಳ್ಳಿ. ಎರಡನೆಯ ಅಲೆ ನಗರವನ್ನು ಕಾಯುವ, ಆಳುವ ರಕ್ಷಕರಲ್ಲಿ ಕುಟುಂಬವನ್ನೇ ಇಲ್ಲವಾಗಿಸುವುದು. ಮೂರನೆಯದು ತತ್ತ್ವಜ್ಞಾನಿಗಳು ಅರಸರಾಗುವವರೆಗೆ ನಗರಗಳ ಕೇಡು ತೀರದು ಎಂಬ ಘೋಷಣೆ (473).

ಸೂರ್ಯ, ರೇಖೆ, ಗುಹೆಗಳ ರೂಪಕಗಳಿಗೆ (507–518) ಪ್ರತ್ಯೇಕ ಅಧ್ಯಯನವೇ ಬೇಕು. ನ್ಯಾಯದ ದಾರಿಯಲ್ಲಿರುವವರು 519–520ನ್ನು ಮಾತ್ರ ಬಿಡಬಾರದು. ಗುಹೆಯ ಕತ್ತಲಿನಿಂದ ಮೇಲೇರಿ ಬೆಳಕನ್ನು ಕಂಡ ತತ್ತ್ವಜ್ಞಾನಿಗಳನ್ನು ಆಳಲೆಂದು ಮತ್ತೆ ಗುಹೆಗೆ ಇಳಿಸುವುದು ಅವರಿಗೆ ಮಾಡುವ ಅನ್ಯಾಯವಲ್ಲವೇ ಎಂದು ಗ್ಲಾಕಾನನೇ ಕೇಳುತ್ತಾನೆ. ನಗರವೇ ಅವರನ್ನು ಬೆಳೆಸಿದ್ದರಿಂದ ಅವರು ಇಳಿಯಲೇಬೇಕು, ನ್ಯಾಯವಂತರಾದ್ದರಿಂದ ಒಪ್ಪುತ್ತಾರೆ ಎಂಬುದು ಉತ್ತರ. ಆದರೆ ಇಲ್ಲಿ ನ್ಯಾಯ ಮಾಡುವವನಿಗೆ ಮೇಲಾದ ಬಾಳೊಂದು ತಪ್ಪಿಹೋಗುತ್ತಿದೆ. ಅಳತೆಗೋಲು ಇಲ್ಲಿ ಅಲುಗಾಡುತ್ತದೆ.

ಎಂಟನೆಯ ಹೆಜ್ಜೆ: ಪತನದ ಕಥೆಯಲ್ಲಿ ಲೆಕ್ಕ ತೀರುವುದನ್ನು ಕಾಣುವುದು

ಎಂಟನೆಯ ಭಾಗದಲ್ಲಿ ನಗರ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತದೆ: ಗೌರವವನ್ನೇ ದೊಡ್ಡದೆನ್ನುವ ಆಳ್ವಿಕೆ, ಹಣವಂತರ ಆಳ್ವಿಕೆ, ಪ್ರಜಾಪ್ರಭುತ್ವ, ಕೊನೆಗೆ ನಿರಂಕುಶ ಪ್ರಭುತ್ವ. ಪ್ರತಿಯೊಂದಕ್ಕೂ ಹೊಂದುವ ಒಬ್ಬ ಮನುಷ್ಯನ ಚಿತ್ರವಿದೆ. ಒಂಬತ್ತನೆಯ ಭಾಗದ ನಿರಂಕುಶನನ್ನು ಗಮನವಿಟ್ಟು ಓದಿ (571–580). ಎಲ್ಲ ಅಧಿಕಾರವೂ ಕೈಯಲ್ಲಿದ್ದರೂ ಅವನು ಊರು ಬಿಟ್ಟು ಪ್ರಯಾಣ ಮಾಡಲಾರ, ಉತ್ಸವಗಳನ್ನು ನೋಡಲಾರ, ಭಯದಿಂದ ಮನೆಯೊಳಗೇ ಅಡಗಿರುತ್ತಾನೆ, ತನ್ನ ಗುಲಾಮರನ್ನೇ ಓಲೈಸಬೇಕಾಗುತ್ತದೆ. ಅರಸನ ಬಾಳು ನಿರಂಕುಶನ ಬಾಳಿಗಿಂತ 729 ಪಟ್ಟು ಸುಖಕರ ಎಂಬ ಲೆಕ್ಕದ (587) ಮುಂದೆ ಹೆಚ್ಚು ಹೊತ್ತು ಕೂರಬೇಕಾಗಿಲ್ಲ. ಉಂಗುರ ಸಿಕ್ಕಿದವನ ಒಳಗು ಹೇಗಿರುತ್ತದೆ ಎಂಬುದಕ್ಕೆ ಪ್ಲೇಟೋ ಕೊಡುವ ಗಟ್ಟಿಯಾದ ಉತ್ತರ ಈ ಭಯದ ಚಿತ್ರಣವೇ ಹೊರತು ಆ ಸಂಖ್ಯೆಯಲ್ಲ. ನಾಲ್ಕನೆಯ ಭಾಗದ ವ್ಯಾಖ್ಯೆಗಿಂತ ಇದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆಂದು ನನ್ನ ಅಭಿಪ್ರಾಯ.

592ರಲ್ಲಿ, ಇಂಥ ನಗರ ಭೂಮಿಯ ಮೇಲೆ ಎಲ್ಲಿಯೂ ಇಲ್ಲವೆಂದು ಗ್ಲಾಕಾನ್ ಹೇಳಿದಾಗ, ಅದರ ಮಾದರಿ ಬಹುಶಃ ಸ್ವರ್ಗದಲ್ಲಿರಬಹುದು, ನೋಡಬಯಸುವವನು ಅದನ್ನು ನೋಡಿ ತನ್ನೊಳಗೆ ಕಟ್ಟಿಕೊಳ್ಳಬಹುದು ಎಂದು ಸಾಕ್ರಟೀಸ್ ಹೇಳುತ್ತಾನೆ. ಹತ್ತನೆಯ ಭಾಗದ 612ರಲ್ಲಿ ಗೈಜಿಸನ ಉಂಗುರ ಹೆಸರಿನೊಂದಿಗೇ ಮರಳಿ ಬರುತ್ತದೆ. ಉಂಗುರವಿರಲಿ, ಇಲ್ಲದಿರಲಿ, ಆತ್ಮಕ್ಕೆ ನ್ಯಾಯವೇ ಹಿತವೆಂದು ತೋರಿಸಿಯಾಯಿತು, ಇನ್ನು ಕೀರ್ತಿ ಬಹುಮಾನಗಳನ್ನೂ ನ್ಯಾಯಕ್ಕೆ ಮರಳಿ ಕೊಡಬಹುದಲ್ಲವೇ ಎಂದು ಅಲ್ಲಿ ಕೇಳಲಾಗುತ್ತದೆ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಗಿ, ತೋರಿಸಿಯಾಯಿತು ಎಂಬ ಮಾತನ್ನು ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರೆಂದು ಬರೆಯಬೇಕಾದ ಜಾಗ ಇದೇ.

ಒಂಬತ್ತನೆಯ ಹೆಜ್ಜೆ: ಎದುರಾಳಿಗಳನ್ನು ಓದುವುದು

ಪ್ಲೇಟೋನ ವಿದ್ಯಾಪೀಠದಲ್ಲಿ ಸುಮಾರು 20 ವರ್ಷ ಇದ್ದ ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ನ ಎರಡನೆಯ ಭಾಗದಲ್ಲಿ ಗುರುವಿನ ನಗರವನ್ನು ಬಿಡಿಬಿಡಿಯಾಗಿ ಪರೀಕ್ಷಿಸುತ್ತಾನೆ. ನಗರ ಬಹುಬಗೆಯ ಜನರಿಂದ ಆದದ್ದು, ಅದನ್ನು ಅತಿಯಾಗಿ ಒಂದಾಗಿಸಿದರೆ ಅದು ನಗರವಾಗಿಯೇ ಉಳಿಯುವುದಿಲ್ಲ; ಎಲ್ಲರಿಗೂ ಸೇರಿದ್ದನ್ನು ಯಾರೂ ಜತನ ಮಾಡುವುದಿಲ್ಲ; ಎಲ್ಲರಿಗೂ ಮಗನಾಗುವುದಕ್ಕಿಂತ ಒಬ್ಬರಿಗೆ ನಿಜವಾದ ದಾಯಾದಿಯಾಗುವುದು ಮೇಲು ಎಂಬುವು ಅವನ ವಾದಗಳು.

ನಮ್ಮಲ್ಲಿ ಈ ಕೃತಿ ಓದಿದ ಯಾರಿಗೇ ಆದರೂ ವರ್ಣವ್ಯವಸ್ಥೆ ನೆನಪಾಗದೆ ಇರದು. ಹೋಲಿಕೆಯನ್ನು ಬಾಯಿಮಾತಿನಲ್ಲಿ ತೇಲಿಸದೆ, ಅಂಬೇಡ್ಕರ್ ಅವರ ‘ಜಾತಿ ವಿನಾಶ’ವನ್ನು ಓದಿ. ಲಾಹೋರಿನ ಸಮ್ಮೇಳನಕ್ಕೆಂದು ಸಿದ್ಧಪಡಿಸಿ, ಮಾಡಲಾಗದೆ, 1936ರಲ್ಲಿ ಪ್ರಕಟಿಸಿದ ಆ ಭಾಷಣದಲ್ಲಿ ಅವರು ಚಾತುರ್ವರ್ಣ್ಯವನ್ನು ಪ್ಲೇಟೋನ ಮೂರು ವರ್ಗಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಮನುಷ್ಯರನ್ನು ಕೆಲವೇ ಕೆಲವು ಗುಂಪುಗಳಲ್ಲಿ ತುರುಕುವುದು ಮನುಷ್ಯನ ಬಗ್ಗೆ ತೀರ ಮೇಲುಮೇಲಿನ ತಿಳಿವಳಿಕೆ, ಪ್ರತಿಯೊಬ್ಬ ವ್ಯಕ್ತಿಯ ಅನನ್ಯತೆ ಪ್ಲೇಟೋಗೆ ಕಾಣಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಹುಟ್ಟಿದ ವರ್ಗದಿಂದ ಬೇರೆ ವರ್ಗಕ್ಕೆ ಹೋಗಬಹುದೆಂಬ 415ರ ನಿಯಮವಿದ್ದರೂ ಈ ಆಕ್ಷೇಪ ಸಡಿಲವಾಗುವುದಿಲ್ಲ, ಏಕೆಂದರೆ ಅದು ವರ್ಗಗಳು ಹುಟ್ಟಿನಿಂದ ಬಂದವೇ ಎಂಬುದನ್ನಷ್ಟೇ ಕೇಳದೆ, ಇಷ್ಟೇ ವರ್ಗಗಳು ಸಾಕೆಂಬ ನಂಬಿಕೆಯನ್ನೇ ಪ್ರಶ್ನಿಸುತ್ತದೆ.

ಇನ್ನೂ ಮುಂದೆ ಹೋಗಬಯಸುವವರು ಪ್ಲೇಟೋ ಮುಪ್ಪಿನಲ್ಲಿ ಬರೆದ ‘ಲಾಸ್’ ಎತ್ತಿಕೊಳ್ಳಬೇಕು. ಅದರಲ್ಲಿ ಸಾಕ್ರಟೀಸ್ ಇಲ್ಲ. ಕ್ರೀಟ್ ದ್ವೀಪದಲ್ಲಿ ಅಥೆನ್ಸ್, ಸ್ಪಾರ್ಟಾ ಮತ್ತು ಕ್ರೀಟ್‌ನ ಮೂವರು ವೃದ್ಧರು ನಡೆಯುತ್ತ ಮಾತಾಡುತ್ತಾರೆ. ಅವರು ಕಟ್ಟುವ ನಗರದಲ್ಲಿ 5040 ಮನೆತನಗಳಿಗೆ ಸ್ವಂತ ಭೂಮಿಯಿದೆ, ಕುಟುಂಬವಿದೆ, ಆಳುವವರಿಗಿಂತ ಮೇಲೆ ಬರೆದ ಕಾನೂನಿದೆ. ಎಲ್ಲವೂ ಎಲ್ಲರದಾದ ನಗರವೇ ಮೊದಲ ದರ್ಜೆಯದು, ತಾವು ಕಟ್ಟುತ್ತಿರುವುದು ಎರಡನೆಯದು ಎಂಬ ಮಾತು ಅಲ್ಲಿ 739ರಲ್ಲಿ ಬರುತ್ತದೆ. ಆ ಪುಟವನ್ನು ‘ರಿಪಬ್ಲಿಕ್’ನ 473 ಮತ್ತು 592ರ ಪಕ್ಕದಲ್ಲಿಟ್ಟು ಓದಿ.